ಅಂಗಡಿ ಬಾಗಿಲಿಗೆ ಅಡ್ಡ ನಿಂತ ವ್ಯಾನು

ಶಾಲೆಯ ವ್ಯಾನು ಓಡಿಸುವ ಆ ಹೆಂಗಸನ್ನು ಮಕ್ಕಳೆಲ್ಲ ವ್ಯಾನಕ್ಕ ಎಂದೇ ಕರೆಯುತ್ತಿದ್ದರು. ಈಚೆಗೆ ಅವಳು ಬೆಳಗಿನ ಟ್ರಿಪ್ ಮುಗಿಸಿ ಮನೆಗೆ ಹೋಗುತ್ತಿರಲಿಲ್ಲ. ಮೊಬೈಲ್ ರಿಪೇರಿ ಅಂಗಡಿಗೆ ಸ್ವಲ್ಪ ದೂರದ ತಿರುವಿನಲ್ಲಿ ವ್ಯಾನು ನಿಲ್ಲಿಸಿಕೊಂಡು ಕೂತಿರುತ್ತಿದ್ದಳು. ಅಂಗಡಿಯವನು ಮಧ್ಯಾಹ್ನ ಊಟಕ್ಕೆಂದು ರಸ್ತೆ ದಾಟುತ್ತಿದ್ದ. ದಾಟುವಾಗ ಕಣ್ಣು ಫೋನಿನ ಮೇಲೆಯೇ. ಅಕ್ಕಪಕ್ಕ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ತಂಗಿ ತೀರಿಕೊಂಡ ಮೇಲೆ ಅವಳ ಮಗಳು ಪುಟ್ಟಿಯನ್ನು ಸಾಕಿದವಳು ವ್ಯಾನಕ್ಕ. ಪುಟ್ಟಿ ಹತ್ತನೇ ಕ್ಲಾಸು. ಒಡೆದ ಸ್ಕ್ರೀನ್ ಬದಲಾಯಿಸಲು ಆ ಅಂಗಡಿಗೆ ಫೋನು ಕೊಟ್ಟು ಬಂದಿದ್ದಳು. ಹುಡುಗಿಯರೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದರು. ಆ ಅಣ್ಣ ಅವಳ ಫೋಟೋಗಳನ್ನು ಕದ್ದು, ಬಾಯಲ್ಲಿ ಹೇಳಲಾಗದ ಹಾಗೆ ತಿರುಚಿ, ಹೇಳಿದ ಹಾಗೆ ಕೇಳದಿದ್ದರೆ ಇಡೀ ಶಾಲೆಗೆ ಹಂಚುತ್ತೇನೆಂದು ಹೆದರಿಸತೊಡಗಿದ. ಹುಡುಗಿ ತಿಂಗಳುಗಟ್ಟಲೆ ಒಳಗೊಳಗೇ ಬೆಂದಳು. ಕೊನೆಗೊಂದು ದಿನ ಮಹಡಿಯ ಅಂಚಿನಲ್ಲಿ ನಿಂತಿದ್ದವಳನ್ನು ಪಕ್ಕದ ಮನೆಯ ತಾತ ಮಾತಾಡಿಸುತ್ತಾ ಮಾತಾಡಿಸುತ್ತಾ ಕೆಳಗಿಳಿಸಿದ. ಅವತ್ತೇ ದೊಡ್ಡಮ್ಮನಿಗೆ ವಿಷಯ ತಿಳಿದದ್ದು.

ಗಂಡ ತಲೆ ಮೇಲೆ ಕೈ ಹೊತ್ತು ಕೂತ. ಹೊರಗೆ ಗೊತ್ತಾದರೆ ಹುಡುಗಿ ತಲೆ ಎತ್ತಿಕೊಂಡು ಓಡಾಡುವುದು ಹೇಗೆ, ಬೇರೆ ಬಡಾವಣೆಗೆ ಮನೆ ಬದಲಿಸೋಣ ಎಂದ. ವ್ಯಾನಕ್ಕ ಮರುದಿನದಿಂದ ಆ ತಿರುವಿನಲ್ಲಿ ಕಾಯತೊಡಗಿದಳು.

ಅವತ್ತು ಅವನು ಅಂಗಡಿಯಿಂದ ಇಳಿದ. ವ್ಯಾನಕ್ಕ ಇಂಜಿನ್ ಶುರುಮಾಡಿ ಗೇರ್ ಹಾಕಿದಳು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡಿದ್ದ ಟೈಲರಮ್ಮ ಒಳಗೆ ಬಂದು ಕೂತಳು. ರಿಪೇರಿ ಅಂಗಡಿಯ ಎದುರಿಗೇ ಅವಳ ಹೊಲಿಗೆ ಅಂಗಡಿ.

"ನಾಲ್ಕು ದಿನದಿಂದ ನೋಡ್ತಿದೀನಿ," ಎಂದಳು. "ಗುದ್ದಿದ್ರೆ ಅವನು ಪಾಪದವನಾಗ್ತಾನೆ, ನೀನು ಕೊಲೆಗಾತಿ ಆಗ್ತೀಯ. ಹುಡುಗಿ ಗತಿ?"

"ನಿನಗೆ ಹೇಗೆ ಗೊತ್ತು?"

ಟೈಲರಮ್ಮ ತಲೆ ತಗ್ಗಿಸಿದಳು. ಅವಳ ಮಗಳಿಗೂ ಹಾಗೇ ಆಗಿತ್ತು. ಸದ್ದಿಲ್ಲದೆ ಅಜ್ಜಿ ಮನೆಗೆ ಕಳಿಸಿ, ಅಲ್ಲಿಯ ಶಾಲೆಗೇ ಸೇರಿಸಿದ್ದಳು.

"ಅಂದ್ರೆ ನಿನಗೆ ಮೊದಲೇ ಗೊತ್ತಿತ್ತು," ವ್ಯಾನಕ್ಕನ ದನಿ ಬದಲಾಯಿತು. "ನಿನ್ನ ಮಗಳನ್ನ ಬಚ್ಚಿಟ್ಟೆ. ನನ್ನವಳು ಆ ಅಂಗಡಿ ಮೆಟ್ಟಿಲು ಹತ್ತೋದನ್ನ ಕಣ್ಣಾರೆ ನೋಡ್ತಾ ಹೊಲಿಗೆ ಹಾಕ್ತಾ ಕೂತೆ."

"ಹೌದು. ಬಯ್ಯಿ, ಎಷ್ಟು ಬೇಕಾದ್ರೂ ಬಯ್ಯಿ. ಇಂಜಿನ್ ಆಫ್ ಮಾಡ್ಕೊಂಡು ಬಯ್ಯಿ."

ಅವನು ರಸ್ತೆ ದಾಟಿ ಹೋಟೆಲ್ ಒಳಗೆ ಹೋದ. ವ್ಯಾನಕ್ಕ ಇಂಜಿನ್ ಆರಿಸಿದಳು. ಸಿಟ್ಟು ಆರಲಿಲ್ಲ.

ಯಾವ ಮನೆಯಲ್ಲಿ ಹುಡುಗಿಯರಿದ್ದಾರೆ, ಯಾರು ಈಚೆಗೆ ವ್ಯಾನಿನ ಕಿಟಕಿ ಪಕ್ಕ ಕೂತು ಬಾಯಿ ಬಿಡುತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವನ ಬಲೆಗೆ ಬಿದ್ದ ಬೇರೆ ಹುಡುಗಿಯರನ್ನು ಹುಡುಕುವುದೆಂದು ಇಬ್ಬರೂ ನಿರ್ಧರಿಸಿದರು. ಬೇರೆಯವರ ಬಾಗಿಲು ತಟ್ಟುವ ಮುಂಚೆ ವ್ಯಾನಕ್ಕ ಪುಟ್ಟಿಯನ್ನು ಕೇಳಿದಳು: ನಿನ್ನ ವಿಷಯ ಹೇಳಲಾ, ಬೇಡವಾ? ಪುಟ್ಟಿ, "ಹೇಳು. ಆದ್ರೆ ಅವನ ಹೆಸರು ಮೊದಲು ಹೇಳು, ಆಮೇಲೆ ನಂದು," ಎಂದಳು.

ಇಬ್ಬರು ಹೆಂಗಸರೂ ಮನೆ ಮನೆಗೆ ಹೋದರು. ಒಂದು ಮನೆಯವರು ಮುಖದ ಮೇಲೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡರು. ಇನ್ನೊಂದು ಮನೆಯ ತಾಯಿ ಕೇಳುತ್ತಾ ಕೇಳುತ್ತಾ ಹೊಸ್ತಿಲಲ್ಲೇ ಕುಸಿದಳು. ಎಲೆಕ್ಟ್ರಿಷಿಯನ್ನನ ಮಗಳೂ ಸಿಕ್ಕಿಬಿದ್ದಿದ್ದಳು. ವಿಷಯ ಕೇಳಿ ಎದ್ದ ಅವನು ಕಬ್ಬಿಣದ ರಾಡು ಹುಡುಕತೊಡಗಿದ. ಗಂಡಸರು ನಾಲ್ಕು ಜನ ಸೇರಿ ಅಂಗಡಿಯವನ ಕೈಕಾಲು ಮುರಿಯುವ ಮಾತಾಡಿದರು.

"ನನಗೂ ಅದೇ ಆಸೆ," ಎಂದಳು ವ್ಯಾನಕ್ಕ. "ಆದ್ರೆ ನಮ್ಮ ಮಕ್ಕಳೆಲ್ಲ ಅವನ ಅಂಗಡಿ ಕಂಪ್ಯೂಟರ್ ಒಳಗಿದಾರೆ. ಅವನನ್ನ ಆಸ್ಪತ್ರೇಲಿ ಮಲಗಿಸಿ, ನಾವು ಜೈಲಲ್ಲಿ ಕೂತು, ಅದನ್ನ ಅವನ ಸ್ನೇಹಿತರ ಕೈಗೆ ಕೊಡೋಣ್ವಾ? ಅವನು ಬೇಗ ಮುಗಿಯೋದು ನನಗೆ ಬೇಡ. ದಿನಾ ಒಂದಿಷ್ಟು ಸಾಯ್ಲಿ."

ಶಾಲೆಯ ಹೆಡ್ ಮಿಸ್ ಮೊದಲು ಶಾಲೆಯ ಹೆಸರು ಹಾಳಾಗುತ್ತದೆಂದು ಹಿಂದೆಮುಂದೆ ನೋಡಿದರು. ಪುಟ್ಟಿ ಎದುರಿಗೆ ನಿಂತು ಎಲ್ಲವನ್ನೂ ಹೇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ತಾವೇ ಮುಂದಾಗಿ, ತಾಯಂದಿರನ್ನು ಪೊಲೀಸ್ ಠಾಣೆಗೆ ಕರೆದೊಯ್ದರು.

ಅಷ್ಟರೊಳಗೆ ಅಂಗಡಿಯವನಿಗೆ ವಾಸನೆ ಹತ್ತಿತ್ತು. ದೂರು ಬರೆಸುತ್ತಿರುವಾಗಲೇ ಟೈಲರಮ್ಮನ ಫೋನು ಬಂತು: ಶಟರ್ ಅರ್ಧ ಎಳೆದಿದ್ದಾನೆ, ಒಳಗೆ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸುತ್ತಿರಬೇಕು. ಪೊಲೀಸರು ಜೀಪು ಹೊರಡಿಸುವ ಮೊದಲೇ ವ್ಯಾನಕ್ಕ ಹೊರಟಾಗಿತ್ತು. ಅವಳು ವ್ಯಾನನ್ನು ಹಿಮ್ಮುಖವಾಗಿ ಫುಟ್‌ಪಾತಿನ ಮೇಲೆ ಹತ್ತಿಸಿ, ಬೆಕ್ಕೂ ನುಸುಳದ ಹಾಗೆ ಅಂಗಡಿ ಬಾಗಿಲಿಗೆ ಒತ್ತಿ ನಿಲ್ಲಿಸಿದಳು. ಎಲೆಕ್ಟ್ರಿಷಿಯನ್ ಕಟ್ಟಡದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಒಳಗೆ ದೀಪ, ಫ್ಯಾನು, ಕಂಪ್ಯೂಟರು ಎಲ್ಲ ಒಟ್ಟಿಗೆ ನಿಂತವು. ಹೋಟೆಲಿನವನು, ಔಷಧಿ ಅಂಗಡಿಯವನು, ದಾರಿಹೋಕರು ಬಂದು ಸುತ್ತ ನಿಂತರು. ವ್ಯಾನಕ್ಕನ ಗಂಡ ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

ವ್ಯಾನಿನ ಹಿಂದಿನ ಕಿಟಕಿಯ ಗಾಜಿನಾಚೆ ಅವನ ಮುಖ ಕಂಡಿತು. ಅಕ್ಕಾ, ವ್ಯಾನು ತೆಗೀರಿ ಎಂದು ಬೇಡಿದ. ಅವಳು ಅಲುಗಾಡಲಿಲ್ಲ. ಆಗ ಫೋನು ಮೇಲೆತ್ತಿ, ಒಂದು ಬಟನ್ ಒತ್ತಿದರೆ ಎಲ್ಲರ ಮಾನ ಬೀದಿಗೆ ಬರುತ್ತದೆ ಎಂದ.

ವ್ಯಾನಕ್ಕ ಕೊನೆಯ ಸೀಟಿನ ಮೇಲೆ ಮೊಣಕಾಲೂರಿ, ಗಾಜಿನ ಹತ್ತಿರಕ್ಕೆ ಮುಖ ತಂದಳು.

"ಬೀದಿ ಇಲ್ಲೇ ನಿಂತಿದೆ, ನೋಡು. ಎಲ್ರಿಗೂ ಗೊತ್ತು. ಇನ್ನು ಯಾರಿಗೆ ಹೇಳ್ತೀನಿ ಅಂತ ಹೆದರಿಸ್ತೀಯ?"

ಅವನ ಕೈ ಇಳಿಯಿತು. ಅಂಗಿಯೆಲ್ಲ ಬೆವರಿನಿಂದ ಅಂಟಿಕೊಂಡಿತ್ತು. ಜೀಪು ಬರುವವರೆಗೂ ಅವಳು ಅಲ್ಲಿಂದ ಕದಲದೆ ಅವನು ನಡುಗುವುದನ್ನು ನೋಡಿದಳು, ಬಾಯಾರಿದವಳು ನೀರು ಕುಡಿದ ಹಾಗೆ. ಅದಕ್ಕಾಗಿ ಅವಳು ಮುಂದೆಂದೂ ನಾಚಿಕೊಳ್ಳಲಿಲ್ಲ.

ಕೇಸು ನಡೆಯುತ್ತಿದ್ದಾಗ ಅವನ ತಾಯಿ ಕೇಸು ಬಿಟ್ಟುಬಿಡಿ ಎಂದು ಬೇಡಲು ಒಮ್ಮೆ ಮನೆಗೆ ಬಂದಳು. ವ್ಯಾನಕ್ಕ ಕುರ್ಚಿ ಹಾಕಿ, ನೀರು ಕೊಟ್ಟು, ಮಾತನ್ನೆಲ್ಲ ಕೇಳಿಸಿಕೊಂಡಳು. ಬಳಿಕ ಹೇಳಿದಳು: "ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಅವನ ಮೇಲಿರೋದ್ರಲ್ಲಿ ಒಂದು ಚೂರೂ ಕಮ್ಮಿ ಮಾಡ್ಕೊಳಲ್ಲ."

ಇತ್ತ ಬೀದಿಯೂ ಬದಲಾಗಿತ್ತು. ಯಾವ ಮಗು ಯಾವ ಅಂಗಡಿಗೆ ನುಗ್ಗಿ ಭಯವಾಗ್ತಿದೆ ಎಂದರೂ ಮೊದಲು ಕೂರಿಸುವುದು, ನೀನೇನು ಮಾಡಿದೆ ಎಂದು ಕೇಳದಿರುವುದು, ಮನೆಯವರಿಗೆ ಹೇಳಲು ಜೊತೆಗೆ ಹೋಗುವುದು ಎಂದು ಹೆಡ್ ಮಿಸ್ ಬೀದಿಯ ಅಂಗಡಿಯವರನ್ನೆಲ್ಲ ಶಾಲೆಗೆ ಕರೆಸಿ ಒಪ್ಪಿಸಿದ್ದರು. ಟೈಲರಮ್ಮ ಮಗಳನ್ನು ವಾಪಸು ಕರೆಸಿಕೊಂಡಳು. ವ್ಯಾನಕ್ಕ ಅವಳೊಂದಿಗೆ ಸೇರಿ ಎಲ್ಲ ಕೆಲಸ ಮಾಡಿದಳು. ಆದರೆ ಅವಳ ಕೈಯಲ್ಲಿ ಮತ್ತೆ ರವಿಕೆ ಹೊಲಿಸಲಿಲ್ಲ.

ಪ್ರತಿ ವಿಚಾರಣೆಗೂ ವ್ಯಾನಕ್ಕ ಹೋಗಿ ಅವನಿಗೆ ಕಾಣುವ ಹಾಗೆಯೇ ಕೂತಳು. ಪುಟ್ಟಿ ಸಾಕ್ಷಿ ಹೇಳುವಾಗ ಒಮ್ಮೆ ತಡವರಿಸಿದಳು, ನೀರು ಕುಡಿದಳು, ಮುಂದುವರಿಸಿದಳು. ಅವನಿಗೆ ಜೈಲಾಯಿತು. ಕರೆದೊಯ್ಯುವಾಗ ಅವನು ಅಳುತ್ತಿದ್ದ.

ಹಿಂದಿರುಗುವಾಗ ಪುಟ್ಟಿ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಸಮಾಧಾನ ಆಯ್ತಾ ದೊಡ್ಡಮ್ಮ?"

"ಇಲ್ಲ ಕಣೇ. ನಿನಗೆ?"

"ನನಗೂ ಇಲ್ಲ," ಎಂದಳು ಪುಟ್ಟಿ. "ಆದ್ರೆ ಅವನು ಅತ್ತಿದ್ದು ಚೆನ್ನಾಗಿತ್ತು," ಎಂದು ಸೇರಿಸಿದಳು.

ದೊಡ್ಡಮ್ಮ ಹೌದೆಂದು ತಲೆಯಾಡಿಸಿದಳು. ಶಾಲೆ ಬಿಡುವ ಹೊತ್ತಾಗಿತ್ತು. ಗೇಟಿನ ಹತ್ತಿರ ಮಕ್ಕಳು ಕಾಯುತ್ತಿರುತ್ತಾರೆಂದು ಅವಳು ವೇಗ ಹೆಚ್ಚಿಸಿದಳು.