ಹಿಂದಿನ ಸೀಟಿನ ಚಳಿ

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ತಾಗಲು ಕೂದಲೆಳೆಯಷ್ಟೇ ಬಾಕಿ ಇರುವಾಗ ಮುಹನ್ನದ್ ಎಸಿಯ ಗುಂಡಿಯತ್ತ ಕೈ ಚಾಚಿದ.

"ಅದನ್ನ ಮುಟ್ಟಬೇಡ. ಹೀಟರ್ ಹಾಕು," ಎಂದಳು ಹಿಂದಿನ ಸೀಟಿನಿಂದ ತಾಯಿ ಬದ್ರಿಯಾ.

"ಯುಮ್ಮಾ, ಹೊರಗೆ ನಲವತ್ತೆಂಟು ಡಿಗ್ರಿ ಇದೆ!"

"ಎಂಜಿನ್ನಿನ ಬಿಸಿ ನಮ್ಮ ಕಡೆ ಬಂದರೆ ಮುಳ್ಳು ಇಳಿಯುತ್ತೆ. ನಿಮ್ಮಪ್ಪ ಹಾಗೇ ಮಾಡ್ತಿದ್ದ."

ಅಪ್ಪ ಕಾರಿನ ನೆತ್ತಿಯ ಮೇಲಿದ್ದ. ಬಾಸ್ರಾದ ರೇಡಿಯೇಟರ್ ಮೆಕ್ಯಾನಿಕ್ ಜೈದಾನ್, ಮರದ ಪೆಟ್ಟಿಗೆಯೊಳಗೆ, ಹಸಿರು ಬಟ್ಟೆ ಹೊದ್ದು, ನೈಲಾನ್ ಹಗ್ಗದಲ್ಲಿ ಬಿಗಿಸಿಕೊಂಡು, ಪವಿತ್ರ ನಜಫ್‌ನ ಮಣ್ಣಿಗೆ ಹೊರಟಿದ್ದ. ಎಪ್ಪತ್ತಾರರ ಮಾಡೆಲ್ಲಿನ ಈ ಬಿಳಿ ಕಾರು ಕೇರಿಯ ಎಷ್ಟೋ ಹೆಣಗಳನ್ನು ಇದೇ ದಾರಿಯಲ್ಲಿ ಹೊತ್ತಿತ್ತು. ಆದರೆ ಬೇಸಿಗೆಯಲ್ಲಿ ಜೈದಾನ್ ನಸುಕಿಗೆ ಮೊದಲೇ ಹೊರಟುಬಿಡುತ್ತಿದ್ದ. ಇವತ್ತು ಕಾಗದಪತ್ರ ಮುಗಿಯುವಷ್ಟರಲ್ಲಿ ಹನ್ನೊಂದಾಗಿತ್ತು. ಗೋರಿ ತೋಡುವವನು ಸಂಜೆಯವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ತಪ್ಪಿದರೆ ಹೆಣ ಇಂಥದೇ ಇನ್ನೊಂದು ಹಗಲನ್ನು ಕಾಣಬೇಕು.

ಮುಹನ್ನದ್ ಹೀಟರಿನ ಹಿಡಿ ಎಳೆದ. ಕಾಲ ಮೇಲೆ ಬೆಂಕಿ ಸುರಿದಂತಾಯಿತು. ಮುಳ್ಳು ಒಂದಿಷ್ಟು ಇಳಿದು, ಯೋಚಿಸಿ, ಮತ್ತೆ ಏರಿತು.

ಫೋನ್ ಬಡಿದುಕೊಂಡಿತು. ಹಿಂದೆ ತನ್ನ ಹೊಸ ಕಾರಿನಲ್ಲಿ ಬರುತ್ತಿದ್ದ ಸೋದರಮಾವ ಹಾತಿಮ್.

"ಏನೋ, ಆಮೆ ಓಡಿಸ್ತಿದ್ದೀಯಾ? ಹೊಗೆ ಬರ್ತಿದೆ ಕಣೋ! ನಿಲ್ಸು!"

"ಹೊಗೆಯಲ್ಲ ಮಾವ, ಹಬೆ."

"ಅಪ್ಪನಿಂದ ಕಲಿತದ್ದು ಅಷ್ಟೇನಾ? ನಿಲ್ಸು!"

ಅಷ್ಟೇ ಕಲಿತಿದ್ದ. ಮುಹನ್ನದ್ ಮಾರುತ್ತಿದ್ದುದು ಮೊಬೈಲ್ ಫೋನುಗಳನ್ನು. ಸಮಾವಾ ಪಟ್ಟಣ ದಾಟಿದ ಮೇಲೆ ಒಂದು ಮುರುಕು ಚಹಾ ಗುಡಿಸಲಿನ ನೆರಳಿಗೆ ಕಾರನ್ನು ತಂದು ನಿಲ್ಲಿಸಿದ.

*

ಆಗ ಅವನಿಗೆ ಒಂಬತ್ತು ವರ್ಷ. ಹೊರದೇಶದಿಂದ ಏನೂ ಬಾರದಿದ್ದ ನಿರ್ಬಂಧದ ಕಾಲ. ಜುಲೈ ಮಧ್ಯಾಹ್ನ, ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ ಕಾರು. ಡ್ಯಾಶ್‌ಬೋರ್ಡಿನ ಕೆಳಗೆ ಅಪ್ಪ ತಾನೇ ಕೂರಿಸಿದ್ದ ಎಸಿ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು.

"ತಂಪಾಯ್ತಾ, ಬದ್ರಿಯಾ?" ಎಂದು ಅಪ್ಪ ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದ.

"ಸ್ವಲ್ಪ ಕಡಿಮೆ ಮಾಡು ಮಾರಾಯ, ಚಳಿ," ಎಂದು ಅಮ್ಮ ಕಪ್ಪು ಅಬಾಯಾವನ್ನು ಹೆಗಲಿಗೆ ಬಿಗಿದುಕೊಳ್ಳುತ್ತಿದ್ದಳು.

ಮುಹನ್ನದನ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ತನಗೊಬ್ಬನಿಗೇ ಸೆಖೆ ಯಾಕೆ? ಮೈಯಲ್ಲಿ ಏನೋ ಕಾಯಿಲೆ ಇರಬೇಕೆಂದು ಹೆದರಿ ಆ ಬೇಸಿಗೆಯೆಲ್ಲ ಅವನು ಯಾರಿಗೂ ಹೇಳಿರಲಿಲ್ಲ.

*

ಬಾನೆಟ್ ಎತ್ತಿದಾಗ ಬಿಸಿ ಮುಖಕ್ಕೆ ರಾಚಿತು. ಹಾತಿಮ್ ನೀರಿನ ಬಾಟಲಿ ಹಿಡಿದು ಓಡಿಬಂದ.

"ಹೊಯ್ಯಬೇಡ!" ಬದ್ರಿಯಾ ಆಗಲೇ ಕೆಳಗಿಳಿದಿದ್ದಳು. "ಕಾದ ಎಂಜಿನ್ನಿಗೆ ತಣ್ಣೀರು ಬಿದ್ರೆ ಬಿರುಕು ಬಿಡುತ್ತೆ. ಕುಡಿ ಅದನ್ನ, ನಿನ್ನ ತಲೆನಾದ್ರೂ ತಣ್ಣಗಾಗ್ಲಿ."

"ಅಕ್ಕಾ, ಹಟ ಬಿಡು. ಒಂದು ಪಿಕಪ್ ಕರೆಸ್ತೀನಿ. ಭಾವನ್ನ ಅದಕ್ಕೆ ಹಾಕೋಣ."

"ಬರೋಕೆ ಎಷ್ಟು ಹೊತ್ತು?"

"ಎರಡು ಗಂಟೆ... ಎರಡೂವರೆ."

ಮುಹನ್ನದ್ ಸೂರ್ಯನನ್ನು ನೋಡಿದ, ನೆತ್ತಿಯ ಮೇಲಿನ ಪೆಟ್ಟಿಗೆಯನ್ನು ನೋಡಿದ. ಫ್ಯಾನು ತಿರುಗುತ್ತಿತ್ತು. ನೀರು ಎಲ್ಲೂ ಸೋರುತ್ತಿರಲಿಲ್ಲ, ಹಬೆ ಬರುತ್ತಿದ್ದುದು ಮುಚ್ಚಳದ ಅಂಚಿನಿಂದ. ಅಲ್ಲಿಗೆ ಅವನ ವಿದ್ಯೆ ಮುಗಿಯಿತು. ಸುಮ್ಮನೆ ಟೈರಿಗೆ ಒದ್ದ.

"ಮುಂದಿರೋ ಎಸಿ ಜಾಲರಿ ಬಿಚ್ಚು," ಎಂದಳು ಬದ್ರಿಯಾ. "ರೇಡಿಯೇಟರಿಗೆ ಗಾಳಿ ಹೋಗ್ಲಿ."

"ಅದನ್ನ ಬಿಚ್ಚಿದ್ರೆ ಎಸಿ ಹೋಗುತ್ತಲ್ಲ?"

"ಯಾವ ಎಸಿ? ಬಗ್ಗಿ ನೋಡು, ಬೆಲ್ಟ್ ಎಲ್ಲಿದೆ?"

ಅವನು ಬಗ್ಗಿದ. ಎಸಿಯ ಚಕ್ರಕ್ಕೆ ಬೆಲ್ಟೇ ಇರಲಿಲ್ಲ. ಬೆಲ್ಟು ಕೂರುವ ಜಾಗದಲ್ಲಿ ದಪ್ಪಗೆ ತುಕ್ಕು.

"ಅದು ಸತ್ತು ಇಪ್ಪತ್ತಮೂರು ವರ್ಷ ಆಯ್ತು. ಗ್ಯಾಸ್ ಸಿಗ್ತಿರ್ಲಿಲ್ಲ. ಬೆಲ್ಟ್ ತೆಗೆದು, ಒಳಗಿನ ಫ್ಯಾನ್ ಮಾತ್ರ ಬಿಟ್ಟಿದ್ದ."

"ನಿನಗೆ ಅವನೇ ಹೇಳಿದ್ನಾ?"

"ಅವನೆಲ್ಲಿ ಹೇಳ್ತಾನೆ! ಎಸಿ ಶುರುವಾದ್ರೆ ಟಕ್ ಅನ್ನುತ್ತೆ, ಎಂಜಿನ್ ಒಂದು ಉಸಿರು ಕುಗ್ಗುತ್ತೆ. ಆ ಬೇಸಿಗೆ ಟಕ್ ಅನ್ನಲಿಲ್ಲ. ನೀನು ಹೊಟ್ಟೇಲಿದ್ದಾಗ ನಾನು ಸೆಖೆಗೆ ಎಚ್ಚರ ತಪ್ಪಿ ಬಿದ್ದೆ ಅಂತ ಕೂರಿಸಿದ್ದ ಎಸಿ. ಊರಿನ ಕಾರೆಲ್ಲ ತಣ್ಣಗೆ ಮಾಡೋನು, ಕನ್ನಡೀಲಿ ನೋಡಿ 'ತಂಪಾಯ್ತಾ' ಅಂತಿದ್ದ. ಏನು ಹೇಳ್ಲಿ?"

ಹಾತಿಮ್ ಕುಡಿಯುವುದನ್ನು ಮರೆತು ನಿಂತಿದ್ದ. "ಇಪ್ಪತ್ತಮೂರು ವರ್ಷ ಕಿಟಕಿ ಮುಚ್ಕೊಂಡು ಕೂತ್ರಾ ನೀವಿಬ್ರೂ? ಹುಚ್ಚರು ಕಣಕ್ಕಾ!"

"ನಿನಗೆ ಗೊತ್ತು ಅನ್ನೋದು ಅಪ್ಪನಿಗೆ ಗೊತ್ತಿತ್ತಾ?" ಎಂದ ಮುಹನ್ನದ್.

"ಹತ್ತರ ಸ್ಪ್ಯಾನರ್ ತಗೋ. ಡಿಕ್ಕೀಲಿ ಎಡಗಡೆ ಇರುತ್ತೆ."

ಇದ್ದದ್ದು ನಾಲ್ಕು ಬೋಲ್ಟು. ಎರಡು ಸುಲಭವಾಗಿ ಬಂದವು, ಮೂರನೆಯದು ಬೆರಳ ಗೆಣ್ಣು ಕಿತ್ತಿತು. ಸತ್ತ ಕೊಳವೆಗಳನ್ನು ಚಾಕುವಿನಿಂದ ಕೊಯ್ದ. ಜಾಲರಿ ಹೊರಬಂದಾಗ ಅದರ ಹಿಂದೆ ರೇಡಿಯೇಟರಿಗೆ ಕಂಬಳಿ ಹೊದಿಸಿದಂತೆ ಧೂಳು, ಖರ್ಜೂರದ ನಾರು, ಮಿಡತೆಯ ರೆಕ್ಕೆಗಳು. 'ಎರಡರ ನಡುವೆ ನೋಡ್ರೋ, ಕಾಯಿಲೆ ಅಲ್ಲಿರುತ್ತೆ' ಎಂದು ಗಿರಾಕಿಗಳನ್ನೆಲ್ಲ ಬಯ್ಯುತ್ತಿದ್ದ ಮನುಷ್ಯ, ತನ್ನ ಕಾರಿನ ಜಾಲರಿಗೆ ಒಂದು ದಿನವೂ ಸ್ಪ್ಯಾನರ್ ತಾಗಿಸಿರಲಿಲ್ಲ. ಬಿಚ್ಚಿದ್ದರೆ ಬದ್ರಿಯಾ ನೋಡುತ್ತಿದ್ದಳು.

ಮುಹನ್ನದ್ ಕಂಬಳಿಯನ್ನು ಬೆರಳಿಂದ ಸುಲಿದು ತೆಗೆದ. ಎಂಜಿನ್ ಆರುವವರೆಗೆ ಕಾದರು. ಚಹಾದವನು ಕೊಟ್ಟ ಕೊಡದಿಂದ ನೀರು ತುಂಬಿದರು. ಎಂಜಿನ್ ಶುರುವಾಯಿತು. ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ಹತ್ತು ನಿಮಿಷವಾದರೂ ನಿಂತೇ ಇತ್ತು. ಇನ್ನು ಸಂಜೆಯೊಳಗೆ ತಲುಪಬಹುದು.

ಗುಜರಿ ಜಾಲರಿಯನ್ನು ಅವನು ಚರಂಡಿಗೆ ಎಸೆಯಲಿದ್ದಾಗ ಬದ್ರಿಯಾ ಕೈನೀಡಿ ಇಸಕೊಂಡಳು. ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಇಟ್ಟುಕೊಂಡು, ಕಿಟಕಿಯ ಗಾಜನ್ನು ಕೊನೆಯವರೆಗೂ ಏರಿಸಿದಳು.

"ಗುಂಡಿ ಒತ್ತು," ಎಂದಳು.

ಮುಹನ್ನದ್ ಒತ್ತಿದ. ಎಸಿ ಪೆಟ್ಟಿಗೆ ಗುಂಯ್ ಎಂದಿತು. ಒಲೆಯ ಬಾಯಿಂದ ಬಂದಂಥ ಗಾಳಿ. ಅವನು ಅಪ್ಪನಂತೆ ಕನ್ನಡಿಯಲ್ಲಿ ನೋಡಿದ.

ಹಾತಿಮ್ ತನ್ನ ಕಾರಿನ ಬಾಗಿಲು ತೆರೆದಿಟ್ಟು ಬಂದು ಗಾಜು ತಟ್ಟಿದ. "ಅಕ್ಕಾ, ಇನ್ನೂ ಎರಡು ಗಂಟೆ ದಾರಿ. ನಮ್ಮ ಕಾರಿಗೆ ಬಾ, ಒಳಗೆ ಐಸ್ ಇದ್ದಂಗಿದೆ. ಇಲ್ಲಿ ಬೆಂದುಹೋಗ್ತೀಯ."

ಬದ್ರಿಯಾ ಗಾಜು ಇಳಿಸಲಿಲ್ಲ. ಅಬಾಯಾವನ್ನು ಹೆಗಲಿಗೆ ಬಿಗಿದುಕೊಂಡಳು.

"ಬರಲ್ಲ," ಎಂದಳು.