ಹೊಳೆದಾರಿಯ ಮೂರು ಊರು

ಗಬ್ಬೂರಿನ ಬಳೆಗಾರ್ತಿ ಮುನವ್ವರ್ ಬೀಗೆ ಆಸ್ತಿ ಅಂತ ಇದ್ದದ್ದು ಎರಡು ದಾರಿ. ನಗಬೇಡಿ. ಬಳೆಗಾರರ ಮನೆಗಳಲ್ಲಿ ಹೊಲ ಹಂಚಿದ ಹಾಗೆ ಹಳ್ಳಿ ಹಂಚಿಕೊಳ್ಳುತ್ತಿದ್ದ ಕಾಲ ಅದು. ಒಬ್ಬರ ಪಾಲಿನ ಊರಿಗೆ ಇನ್ನೊಬ್ಬರು ಬಳೆ ಪೋಣಿಸಿದ ಮಲಾರ ಹೊತ್ತು ಕಾಲಿಡುವಂತಿರಲಿಲ್ಲ. ಅವಳ ಪಾಲಿನ ಒಂದು ದಾರಿ ಬರೀ ಕಲ್ಲು ಮುಳ್ಳು. ಅದನ್ನು ವಯಸ್ಸಿದ್ದಾಗಲೇ ತಂಗಿಗೆ ಬಿಟ್ಟುಕೊಟ್ಟಿದ್ದಳು. ಇನ್ನೊಂದು ಹೊಳೆದಾರಿ: ಸಣ್ಣದಿನ್ನಿ, ಬೇವಿನಾಳ, ಕೊನೆಗೆ ಕೃಷ್ಣೆಯ ದಂಡೆಯ ಹೊಳೆಹಟ್ಟಿ. ಎರಡು ಹರದಾರಿ ದೂರ. ಏರಿಲ್ಲ, ಇಳಿವಿಲ್ಲ, ಎರೆಹೊಲದ ನಡುವೆ ಚಾಪೆ ಹಾಸಿದಂಥ ಬಂಡಿದಾರಿ. ತುಂಬಿದ ಬಸುರಿ ಕೂಡ ಹೋಗಿ ಬರಬಹುದು.

ಅವಳ ಒಬ್ಬನೇ ಮಗ ಸಲಾವುದ್ದೀನ್ ರಾಯಚೂರಿನ ಹತ್ತಿ ಗಿರಣಿಯೊಂದರಲ್ಲಿ ದುಡಿಯುತ್ತಿದ್ದ. ಎಪ್ಪತ್ತೇಳನೇ ಇಸವಿಯಲ್ಲಿ ಕಾಮಾಲೆಯಾಗಿ ಎಂಟು ದಿನ ಮಲಗಿ ಅಲ್ಲೇ ತೀರಿಕೊಂಡ. ಮಣ್ಣೂ ಅಲ್ಲೇ ಆಯಿತು, ಹೊಳೆದಾರಿಯ ಊರುಗಳಿಗೆ ಸುದ್ದಿ ಮುಟ್ಟಲಿಲ್ಲ. ಸೊಸೆ ಹಸೀನಾ ಬೇಗಂಗೆ ಆಗ ಇಪ್ಪತ್ತೆರಡು, ಮಕ್ಕಳಿಲ್ಲ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೂ ಆಕೆ ತವರಿಗೆ ಹೋಗಲಿಲ್ಲ. ಅದೇ ಹೊತ್ತಿಗೆ ಮುನವ್ವರ್ ಬೀಯ ಮೊಣಕಾಲು ಕೈಕೊಟ್ಟವು. ಗಂಡ ವಲಿ ಪಾಷಾ ಸಂತೆಯಲ್ಲಿ ಕೂತು ಮಾರುವವನೇ ಹೊರತು ನಡೆಯುವವನಲ್ಲ. ಹಾಗಾಗಿ ಪ್ರತಿ ಬುಧವಾರದ ಹೊಳೆದಾರಿ ಸೊಸೆಯ ಹೆಗಲಿಗೆ ಬಂತು.

ಒಂದೇ ತೊಡಕು. ಆ ಊರುಗಳಲ್ಲಿ ಮದುಮಗಳಿಗಾಗಲಿ ಬಸುರಿಗಾಗಲಿ ಗಂಡ ಸತ್ತವಳ ಕೈಯಿಂದ ಬಳೆ ಇಡಿಸುವುದಿಲ್ಲ. ಮುನವ್ವರ್ ಬೀ ತಾನೇ ಸೊಸೆಯ ಕೈಗೆ ಡಜನ್ ಬಳೆ ಏರಿಸಿದಳು, ಕೊರಳಿಗೆ ಕರಿಮಣಿ ಹಾಕಿದಳು. ಮನೆಯೊಳಗೆ ಅವರದು ದಖನಿ ಮಾತು; ನಾನು ಕನ್ನಡದಲ್ಲೇ ಹೇಳುತ್ತೇನೆ.

"ಮುಂಜಾನಿ ಇಟ್ಕೋ, ಸಂಜಿಗೆ ತೆಗಿ. ಯಾರರ ಕೇಳಿದ್ರ ರಾಯಚೂರಾಗ ಅದಾರ ಅನ್ನು, ಮುಂದಿನ ಮನಿಗೆ ಹೋಗು. ಅದಕಿಂತ ಹೆಚ್ಚು ಒಂದು ಮಾತೂ ಬ್ಯಾಡ."

ಪೂರಾ ಸುಳ್ಳೂ ಅಲ್ಲ, ರಾಯಚೂರಿನ ಮಣ್ಣಿನಲ್ಲಿ ಇದ್ದಾನಲ್ಲ ಎಂದು ಮುನವ್ವರ್ ಬೀ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಹೊಟ್ಟೆಪಾಡಿಗೆ ಒಂದು ಸುಳ್ಳು ಹೇಳಿದರೆ ಏನು ಮಹಾ?

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಮಾನ್ವಿಯಿಂದ ಒಂದು ಸಂಬಂಧ ಬಂತು. ಹುಡುಗ ಜಿಲಾನಿ ಪಾಷಾ, ಬಟ್ಟೆ ಅಂಗಡಿಯವನು, ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಮೆತ್ತನೆಯ ಮನುಷ್ಯ ಅಂತ ಕೇಳಿದವರೆಲ್ಲ ಹೇಳಿದರು. ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ತಿಳಿಸಬೇಕಿತ್ತು. ಹಸೀನಾ ಒಂದೇ ಏಟಿಗೆ ಊಹೂಂ ಅಂದಳು.

"ಯಾಕ?"

"ನಾ ಹೊಳಿದಾರಿ ಬಿಟ್ಟು ಬರಂಗಿಲ್ಲ ಅಮ್ಮೀ."

"ದಾರಿ ಬಿಡಲ್ಲಂತ ಮದುವಿ ಬಿಡ್ತಾರೇನ ಯಾರರ? ತಲಿ ನೆಟ್ಟಗದ ಇಲ್ಲೋ ನಿಂದು?"

ಸೊಸೆ ಕೊಡ ಎತ್ತಿಕೊಂಡು ನೀರಿಗೆ ಹೊರಟಳು. ಮುನವ್ವರ್ ಬೀಗೆ ಅನುಮಾನ ಹೊಕ್ಕಿತು. ದಾರಿಯಲ್ಲಿ ಯಾರೋ ಇದ್ದಾರೆ, ಇಲ್ಲದಿದ್ದರೆ ಈ ಹುಡುಗಿ ಬುಧವಾರ ಬಂದರೆ ಸಾಕು ಕೋಳಿಗಿಂತ ಮೊದಲು ಯಾಕೆ ಏಳಬೇಕು? ಆ ಬುಧವಾರ ಮಲಾರವನ್ನು ತಾನೇ ಹೆಗಲಿಗೆ ಹಾಕಿಕೊಂಡಳು. ನಿಮ್ಮ ಮೊಣಕಾಲು, ನಿಮ್ಮ ಮೊಣಕಾಲು ಅಂತ ಹಸೀನಾ ಹೊಸ್ತಿಲ ತನಕ ಅಡ್ಡ ಬಂದಳು. ಅದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು.

ಸಂಕ್ರಾಂತಿ ಕಳೆದು ವಾರವಾಗಿತ್ತು. ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಹಕ್ಕಿ ಓಡಿಸುವವರ ಕೂಗು ಬಿಟ್ಟರೆ ಸದ್ದಿಲ್ಲ. ಎರಡು ವರ್ಷದ ಮೇಲೆ ತುಳಿದ ದಾರಿ, ಆದರೂ ಯಾವ ತಿರುವಿನಲ್ಲಿ ನೆರಳಿದೆ, ಎಲ್ಲಿ ನೀರಿದೆ ಅಂತ ಅವಳ ಪಾದಕ್ಕೆ ಗೊತ್ತಿತ್ತು. ಇದರ ಮೇಲೆ ನಡೆಯುವುದಕ್ಕೆ ಯಾರಿಗೇನು ಕಷ್ಟ ಅಂದುಕೊಳ್ಳುತ್ತ ಸಣ್ಣದಿನ್ನಿ ಮುಟ್ಟಿದಳು.

ಅಲ್ಲಿ ತಾಯಣ್ಣನ ಹೆಂಡತಿ ಕೈ ಚಾಚಿ ಕೂತವಳು ಅಂದಳು, "ನಿಮ್ಮ ಮಗ ಸೈಕಲ್ ತಗೊಂಡಾನಂತಲ್ಲ ಬೂಬಮ್ಮ. ಹಸರು ಬಣ್ಣದ್ದಂತ."

ಮುನವ್ವರ್ ಬೀಯ ಬೆರಳಲ್ಲಿ ಬಳೆ ಪಟ್ ಎಂದಿತು.

"ಯಾರು ಹೇಳಿದ್ರು?"

"ನಿಮ್ಮ ಸೊಸಿನ. ಹ್ವಾದ ವಾರ ಆಕಿಗೆ ಮಾತಂದ್ರ ಬರೇ ಅದ."

ಊರು ದಾಟಿದ ಮೇಲೆ ಮುನವ್ವರ್ ಬೀ ಬಾಯಿಗೆ ಬಂದ ಹಾಗೆ ಬೈದಳು, ಕೇಳುವುದಕ್ಕೆ ಜೋಳ ಬಿಟ್ಟರೆ ಯಾರೂ ಇರಲಿಲ್ಲ. ಒಂದು ಮಾತು ಹೇಳು ಅಂದರೆ ಪುರಾಣ ಹೊಸೆದಿದ್ದಾಳೆ, ಹುಚ್ಚಿ. ಸತ್ತವನಿಗೆ ಸೈಕಲ್ಲಂತೆ! ಆದರೂ ಬೇವಿನಾಳದ ಕಡೆ ಕಾಲು ಬೇಗ ಬೇಗ ಬೀಳುತ್ತಿದ್ದವು.

ಬೇವಿನಾಳದಲ್ಲಿ ಸಾಬಣ್ಣನ ಮುದುಕಿ ತಾಯಿ ಕಟ್ಟೆಯ ಮೇಲೆ ಕರೆದು ಕೂರಿಸಿಕೊಂಡಳು.

"ಮಗನ ಕೆಮ್ಮು ಕಡಿಮಿ ಆತೇನವ್ವ? ಆಡುಸೋಗಿ ಎಲಿ ಕೊಟ್ಟು ಕಳಿಸಿದ್ದೆ."

"ಆತು," ಅಂದುಬಿಟ್ಟಳು ಮುನವ್ವರ್ ಬೀ. ಅಂದ ಮೇಲೆ ಎದೆಯಲ್ಲಿ ಏನೋ ಸಡಿಲವಾಯಿತು. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. "ಮತ್ತೇನೇನು ಹೇಳ್ತಾಳವ್ವ ನಮ್ಮ ಸೊಸಿ?"

ಮುದುಕಿ ಹೇಳುತ್ತ ಹೋದಳು. ಗಿರಣಿಯಲ್ಲಿ ಹತ್ತಿಯ ಧೂಳು ಜಾಸ್ತಿಯಂತೆ. ಊರಿಗೆ ಬಂದಾಗ ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾನಂತೆ. ಹುಣಸೆ ಚಟ್ನಿ ಇಲ್ಲದೆ ರೊಟ್ಟಿ ಮುಟ್ಟುವುದಿಲ್ಲವಂತೆ. ಚಟ್ನಿಯ ಮಾತು ನಿಜ, ಚಿಕ್ಕಂದಿನಿಂದ ಹಾಗೇ. ಮುನವ್ವರ್ ಬೀ ಹಸಿದವಳು ಉಂಡ ಹಾಗೆ ಕೇಳಿದಳು, ಮತ್ತೆ ಕೇಳಿದಳು, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿಸಿದಳು. ಎರಡು ವರ್ಷದಿಂದ ಮನೆಯಲ್ಲಿ ಯಾರೂ ಅವನ ಹೆಸರು ಎತ್ತಿರಲಿಲ್ಲ.

ಹೊಳೆಹಟ್ಟಿ ಮುಟ್ಟುವಾಗ ಮಧ್ಯಾಹ್ನ. ಗುಡಿ ಪೂಜೆಯ ಮನೆಯ ಜಾನಕಿಬಾಯಿ, ಮಗಳ ಸೀಮಂತ ಹತ್ತಿರ ಬಂತೆಂದು ಪಡಸಾಲೆಯಲ್ಲೇ ಹಸಿರು ಬಳೆ ಆರಿಸಿದಳು.

"ಹಸೀನಾ ಪುಣ್ಯವಂತಿ ನೋಡ್ರಿ. ಮಕ್ಕಳು ಯಾವಾಗವಾ ಅಂತ ನಾ ಕೇಳಿದ್ರ, ಅವರು ರಾಯಚೂರಾಗ ಮನಿ ಮಾಡಿ ಕರಕೊಂಡು ಹೋಗಲಿ ತಡೀರಿ ಅಂದ್ಲು. ಮಾರಿ ಎಷ್ಟು ಕೆಂಪಾತು ಅಂತೀರಿ."

ಮುನವ್ವರ್ ಬೀ ಬಳೆ ಇಟ್ಟು ಹೊಳೆಯ ದಂಡೆಗೆ ಹೋಗಿ ಕೂತಳು. ಯಾರೋ ಇದ್ದಾರೆ ಅಂದುಕೊಂಡು ಬಂದಿದ್ದಳು, ಇದ್ದ. ಅವಳ ಮಗನೇ ಇದ್ದ. ಇಪ್ಪತ್ನಾಲ್ಕರ ಹುಡುಗಿ ವಾರಕ್ಕೊಂದು ದಿನ ಸತ್ತವನ ಜೊತೆ ಬಾಳ್ವೆ ಮಾಡಿ, ಉಳಿದ ಆರು ದಿನ ಬುಧವಾರ ಕಾಯುತ್ತಿದ್ದಳು. ಮಾನ್ವಿಗೆ ಹೇಗೆ ಹೋದಾಳು? ಗಂಡ ಬದುಕಿರುವವಳು ಇನ್ನೊಂದು ನಿಕಾ ಆಗುತ್ತಾಳೆಯೇ?

ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿದ್ದರೆ ಮಗ ಮೂರು ಊರಲ್ಲಿ ಹೀಗೇ ಇರುತ್ತಾನೆ, ತಾನೂ ಆಗೀಗ ಬಂದು ಅವನ ಸುದ್ದಿ ಕೇಳಬಹುದು. ಅವಳಿಗೆ ಅದು ಬೇಕಿತ್ತು, ಬಹಳ ಬೇಕಿತ್ತು. ಅದು ಎಷ್ಟು ಬೇಕಾಗಿದೆ ಅಂತ ತಿಳಿದಾಗ ತನ್ನ ಮೇಲೆ ತನಗೇ ಹೆದರಿಕೆಯಾಯಿತು. ಮೊಣಕಾಲು ಹಿಡಿದುಕೊಂಡು ಎದ್ದು ಜಾನಕಿಬಾಯಿಯ ಬಾಗಿಲಿಗೆ ವಾಪಸು ಹೋದಳು.

"ಬಾಯಾರ, ನನ್ನ ಮಗ ಇಲ್ರೀ. ತೀರಿಕೊಂಡು ಎರಡು ವರ್ಷ ಆತು. ಸುಳ್ಳು ಕಲಿಸಿದಾಕಿ ನಾನು, ಹುಡುಗಿದು ತಪ್ಪಿಲ್ಲ."

ಜಾನಕಿಬಾಯಿಯ ಮುಖ ಇಳಿಯಿತು. "ಅಲ್ರೀ, ನನ್ನ ಮಗಳಿಗೆ ಮದುವಿ ಬಳಿ ಆಕಿನ ಇಟ್ಟಾಳಲ್ರೀ," ಅಂದಳು. ಒಳಗೆ ಬಸುರಿ ಮಗಳು ಯಾರದೋ ಮಾತಿಗೆ ನಗುತ್ತಿದ್ದಳು. ಜಾನಕಿಬಾಯಿ ಅತ್ತ ನೋಡಿದಳು, ಬಹಳ ಹೊತ್ತು ನೋಡಿದಳು. "ಚೊಲೋನ ಅದಾಳ," ಅಂದಳು ಕೊನೆಗೆ, ತನಗೆ ತಾನೇ ಹೇಳಿಕೊಂಡವಳಂತೆ.

"ಬರೋ ವಾರದಿಂದ ನಾನ ಬರ್ತೀನ್ರೀ," ಅಂದು ಮುನವ್ವರ್ ಬೀ ಹೊರಟಳು.

ಬೇವಿನಾಳದ ಮುದುಕಿ ಹಣೆ ಚಚ್ಚಿಕೊಂಡು ಅತ್ತಳು. "ಎಲಿ ಕೊಟ್ಟು ಕಳಿಸ್ತಿದ್ದೆನಲ್ಲ ಯವ್ವಾ, ಯಾರಿಗೆ ಕೊಟ್ಟೆ ನಾ?" ಸಣ್ಣದಿನ್ನಿಯಲ್ಲಿ ತಾಯಣ್ಣನ ಹೆಂಡತಿ ಬಾಗಿಲು ಹಾಕಿಕೊಂಡಳು. ಹೋಗುವಾಗ ಮೂರೂ ಊರಲ್ಲಿ ಓಡಾಡಿಕೊಂಡಿದ್ದ ಮಗನನ್ನು ಬರುವಾಗ ಒಂದೊಂದು ಊರಲ್ಲೂ ತಾನೇ ಮಣ್ಣು ಮಾಡುತ್ತ ಬಂದಳು. ಸಮನಾದ ದಾರಿಯಲ್ಲೇ ನಾಲ್ಕು ಸಲ ಕೂರಬೇಕಾಯಿತು.

ಗಬ್ಬೂರು ಸೇರಿದಾಗ ಹೊತ್ತು ಇಳಿದಿತ್ತು. ಹಸೀನಾ ಹೊಸ್ತಿಲಲ್ಲೇ ನಿಂತಿದ್ದಳು.

"ಯಾರರ ಏನರ ಕೇಳಿದ್ರೇನು ಅಮ್ಮೀ?"

"ಎಲ್ಲಾರೂ ಕೇಳಿದ್ರು. ಅವ ಇಲ್ಲಂತ ಹೇಳಿ ಬಂದೆ."

"ಯಾವೂರಾಗ?"

"ಮೂರೂರಾಗೂ."

ಹಸೀನಾ ಅಳಲಿಲ್ಲ, ಬೈಯಲಿಲ್ಲ. ಅತ್ತೆಯ ಹೆಗಲಿನಿಂದ ಮಲಾರ ಇಳಿಸಿಕೊಂಡಳು, ಕಾಲಿಗೆ ನೀರು ತಂದುಕೊಟ್ಟಳು. ಮಾನ್ವಿಗೆ ಹೂಂ ಅಂತ ಹೇಳಿ ಕಳಿಸಲೇನು ಎಂದು ಮುನವ್ವರ್ ಬೀ ಕೇಳಿದಾಗ ಆಗಲಿ ಎಂದು ತಲೆಯಾಡಿಸಿದಳು. ಆಮೇಲೆ ಗೋಡೆಗೆ ಒರಗಿ ಕೂತು ಮೆಲ್ಲಗೆ ಅಂದಳು:

"ಬರೋ ಬುಧವಾರ ಅವರಿಗೆ ಗಿರಣ್ಯಾಗ ಕೆಲಸ ಕಾಯಂ ಆಗೋದಿತ್ತು ಅಮ್ಮೀ. ಹೊಳಿಹಟ್ಟ್ಯಾಗ ಮೊದಲು ಹೇಳಬೇಕಂತಿದ್ದೆ."

ಮುನವ್ವರ್ ಬೀ ತೊಳೆಯುತ್ತಿದ್ದ ಕಾಲನ್ನು ಹಾಗೇ ಬಿಟ್ಟಳು.

"ನನಗರ ಹೇಳಬಾರದಿತ್ತೇನ," ಅಂದಳು. "ಗೊತ್ತಿದ್ರ ಇನ್ನೊಂದು ವಾರ ತಡೀತಿದ್ದೆನಲ್ಲ."

ಅತ್ತೆ ಸೊಸೆ ಅವತ್ತು ಅತ್ತಷ್ಟು ಸಲಾವುದ್ದೀನನ ಮಣ್ಣಿನ ದಿನವೂ ಅತ್ತಿರಲಿಲ್ಲ.