ಹಲಗೆಗೆ ಕಿವಿಕೊಡುವ ಕಮಾಲುದ್ದೀನ್

ಕಮಾಲುದ್ದೀನ್ ಯಾರ ಮನೆಯ ಬಾಗಿಲನ್ನೂ ತಟ್ಟಿದವರಲ್ಲ. ಚಪ್ಪಲಿಯನ್ನು ರಸ್ತೆಯಂಚಿನಲ್ಲೇ ಬಿಟ್ಟು, ಹಿಮ್ಮಡಿಯನ್ನು ಮೊದಲು ಊರಿ, ಬಲಗಿವಿಯನ್ನು ಭುಜದತ್ತ ವಾಲಿಸಿ, ನಿದ್ರಿಸುವ ರೋಗಿಯನ್ನು ಎಬ್ಬಿಸಲೊಲ್ಲದ ವೈದ್ಯನಂತೆ ಜಗಲಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟರೆಂದರೆ, ಒಳಗಿದ್ದವರು ತಾವಾಗಿಯೇ ಹೊರಗೆ ಬರುತ್ತಿದ್ದರು. ಅರವತ್ತು ದಾಟಿದ ಕೃಶಕಾಯ. ಬೇಸಗೆಯಲ್ಲೂ ಮೈಬಿಡದ ಖಾಕಿ ಕೋಟು. ಅದರ ಎಡಜೇಬಿನ ತುಂಬ ಗಲಗಲಿಸುವ ಸ್ಕ್ರೂಗಳು, ಬಲಜೇಬಿನಲ್ಲಿ ಹಿಡಿ ಸವೆದ ಸಣ್ಣ ಉಳಿ. ನರಸಿಂಹರಾಜಪುರದಲ್ಲಿ ಬಡಗಿಗಳಿಗೇನೂ ಕೊರತೆಯಿಲ್ಲ. ಆದರೆ ಹಳೆಯ ಮರ ಯಾವಾಗ ಕೈಕೊಡುತ್ತದೆಂದು ತಿಳಿಯಬೇಕಾದವರು ಇವರನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಕಮಾಲುದ್ದೀನರನ್ನು ದೀಕ್ಷಾ ಕರೆಸಿದ್ದು ಒಂದೇ ಒಂದು ಹಲಗೆಗಾಗಿ. ಇಳಿಜಾರಿನಲ್ಲಿ ಕಟ್ಟಿದ ಅವಳ ಮನೆಯ ಮುಂದೆ ಮರದ ಕಂಬಗಳ ಮೇಲೆ ನಿಂತ ಹಲಗೆಜಗಲಿಯಿತ್ತು. ಅದರ ಅಂಚಿನಿಂದ ಕೆಳಗಿನ ಅಂಗಳಕ್ಕೆ ಒಂದಾಳು ಮಿಕ್ಕಿದ ಆಳ. ವರ್ಷ ತುಂಬಿ ಎರಡು ತಿಂಗಳಾದ ಮಗಳು ತನ್ಮಯಿ ಕಾಲು ಬಂದ ದಿನದಿಂದ ಅಲ್ಲಿಗೇ ಓಡುತ್ತಿದ್ದಳು. ಮೂಲೆಯ ಹಲಗೆಯೊಂದು ತುಳಿದಾಗ ಮೆತ್ತಗೆ ತಗ್ಗುತ್ತಿತ್ತು. ಇನ್ನೆಂಟು ದಿನಕ್ಕೆ ಮನೆಯಲ್ಲಿ ಮಠದ ಗುರುಗಳ ಪಾದಪೂಜೆ. ಗುರುಗಳ ಪಾದ ತೊಳೆದು ಬರಮಾಡಿಕೊಳ್ಳುವುದು ಆ ಜಗಲಿಯ ಮೇಲೆಯೇ. ಅತ್ತೆ ದಾಕ್ಷಾಯಣಮ್ಮ ಸೊಸೆಯಾಗಿ ಬಂದ ಕಾಲದಿಂದಲೂ ಹಾಗೆಯೇ ನಡೆದುಬಂದಿದೆ. ಬರುವವರು ನಲವತ್ತು ಜನ.

ಕಮಾಲುದ್ದೀನ್ ಮೂರು ಸುತ್ತು ನಡೆದರು. ನಾಲ್ಕನೆಯದು ನಡೆಯದೆ ನಿಂತುಬಿಟ್ಟರು.

"ಹಲಗೆ ನಿನ್ ಹತ್ರ ಮಾತಾಡ್ತದಾ ಮಾರಾಯ?" ಎಂದು ದಾಕ್ಷಾಯಣಮ್ಮ ಕೆಣಕಿದರು.

"ಮಾತಾಡ್ತದೆ ಅಮ್ಮ. ನಿಮ್ಮಷ್ಟು ಮಾತಾಡಲ್ಲ, ಅಷ್ಟೆ."

ಜಗಲಿಯುದ್ದಕ್ಕೂ ಹುಲ್ಲಿನಂಥ ಹಸಿರು ಪ್ಲಾಸ್ಟಿಕ್ ಹಾಸು ಅಂಟಿಕೊಂಡಿತ್ತು. ಮಗು ಅಂಬೆಗಾಲಿಡುತ್ತಿದ್ದಾಗ ಒಮ್ಮೆ ಮೊಣಕಾಲಿಗೆ ಹಲಗೆಯ ಸಿಬಿರು ಚುಚ್ಚಿ ರಕ್ತ ಬಂದದ್ದನ್ನು ಕಂಡು, ದೀಕ್ಷಾ ತಾನೇ ಗೋಂದು ಹಚ್ಚಿ, ಗೋಡೆಯಿಂದ ಕಟಕಟೆಯವರೆಗೆ ಒಂದಿಂಚೂ ಬಿಡದೆ ಅದನ್ನು ಹಾಸಿದ್ದಳು. ಧೂಳು ಮಗುವಿನ ಬಾಯಿಗೆ ಹೋದೀತೆಂದು ದಿನವೂ ಬಕೆಟ್ಟಿನಲ್ಲಿ ನೀರು ತಂದು ಅದನ್ನು ತೊಳೆಯುತ್ತಿದ್ದಳು. ಕಮಾಲುದ್ದೀನ್ ಹಾಸಿನ ತುದಿಯನ್ನು ಸುಲಿದು, ಒಳಗೆ ಉಳಿಯೂರಿದರು. ಉಳಿ ಹಿಡಿಯವರೆಗೂ ಇಳಿಯಿತು. ಎದ್ದುಬಂದ ಚೂರೊಂದನ್ನು ಅವರು ದೀಕ್ಷಾಳ ಅಂಗೈಯಲ್ಲಿಟ್ಟಾಗ ಅದು ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಕುಸಿಯಿತು.

"ಕಮಾಲಣ್ಣ, ಇದು... ನಾನೇ ಮಾಡಿದ್ದಾ?"

ಅವರು ಉಳಿಯನ್ನು ಕೋಟಿಗೆ ಒರೆಸಿಕೊಂಡರು. "ಮಗೂಗೆ ಚಳಿ ಅಂತ ಮುಖದ ಮೇಲೂ ಕಂಬಳಿ ಎಳೀತೀವಾ ತಂಗಿ? ಮರಕ್ಕೂ ಉಸಿರು ಬೇಕು."

ಮೊದಲೇ ಹಳತಾಗಿದ್ದ ಹನ್ನೊಂದು ಹಲಗೆಗಳು, ಅವುಗಳ ಕೆಳಗಿನ ಎರಡು ತೊಲೆ ಕೊಳೆತಿದ್ದವು. ಅಂದಿನಿಂದ ದೀಕ್ಷಾ ಮುಂಬಾಗಿಲಿನ ಚಿಲಕವನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದಳು. ಒಳಗಿನಿಂದ ಮಗು ಬಾಗಿಲು ಬಡಿಯುವ ಸದ್ದು, ಹೊರಗಿನಿಂದ ಸುತ್ತಿಗೆಯ ಸದ್ದು, ಎರಡೂ ಅವಳ ಎದೆಯಲ್ಲೇ ಬಡಿದಂತಾಗುತ್ತಿತ್ತು. ಕಳೆದ ಯುಗಾದಿಯಲ್ಲಿ ಅದೇ ಮೂಲೆಯಲ್ಲಿ ಮಗುವನ್ನೆತ್ತಿಕೊಂಡು ಫೋಟೊ ತೆಗೆಸಿಕೊಂಡದ್ದು ನೆನಪಾದರೆ ಊಟ ಬಿಟ್ಟೆದ್ದು ಮತ್ತೆ ಚಿಲಕ ನೋಡಿ ಬರುತ್ತಿದ್ದಳು. ಗಂಡ ವೀರೇಶ್ ಅಂಗಡಿಯಿಂದ ಬಂದವನೇ, "ಏನೂ ಆಗಲ್ಲ ಬಿಡು" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋಗುತ್ತಿದ್ದ. ಆ ಮಾತನ್ನು ಕಮಾಲುದ್ದೀನರ ಬಾಯಿಂದ ಒಮ್ಮೆ ಕೇಳಿದರೆ ಸಾಕಿತ್ತು ಅವಳಿಗೆ. ಅವರೋ, ತೀರ್ಮಾನದ ಮಾತನ್ನೇ ಆಡದವರು. ಹೊನ್ನೆಮರದ ಹಲಗೆಗಳನ್ನು ಆರಿಸಿ ತಂದರು. ನೀರಿಳಿಯಲೆಂದು ಹಲಗೆ ಹಲಗೆಯ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟು ಕೂರಿಸಿದರು. ಸಿಬಿರೇಳದಂತೆ ಉಜ್ಜಿ ಉಜ್ಜಿ, ಕೊನೆಗೆ ತಮ್ಮ ಕೆನ್ನೆಯನ್ನೇ ಹಲಗೆಗೆ ಒರಸಿ ಪರೀಕ್ಷಿಸಿದರು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ: "ಸದ್ಯಕ್ಕೆ ಪರವಾಗಿಲ್ಲ."

"ಆ ಸದ್ಯಕ್ಕೆ ಅನ್ನೋದೊಂದನ್ನ ತೆಗೀರಿ ಕಮಾಲಣ್ಣ, ಜೀವ ಹೋಗ್ತದೆ ನಂಗೆ."

"ಹಲಗೆ ತೆಗಿ ಅಂದ್ರೆ ತೆಗೀಬಹುದು ತಂಗಿ. ಅದನ್ನ ಹೆಂಗೆ ತೆಗೀಲಿ?"

ಪಾದಪೂಜೆಯ ದಿನ ಗುರುಗಳು ಮೆಟ್ಟಿಲೇರಿ ಬಂದರು. ಪಾದ ತೊಳೆದ ನೀರು ತಟ್ಟೆ ಮೀರಿ ಚೆಲ್ಲಿ ಸಂದುಗಳಲ್ಲಿ ಇಳಿದುಹೋಯಿತು. ತಟ್ಟೆಯಲ್ಲುಳಿದ ಪಾದೋದಕಕ್ಕಾಗಿ ಜನ ಒಬ್ಬರ ಮೇಲೊಬ್ಬರು ಬಿದ್ದು ಮುಂದೆ ಒತ್ತಿದರು. ಹೊಸ್ತಿಲೊಳಗೆ ಮಗುವನ್ನು ಸೊಂಟದಲ್ಲಿ ಬಿಗಿಹಿಡಿದು ನಿಂತಿದ್ದ ದೀಕ್ಷಾಳಿಗೆ ಕಂಡದ್ದು ಗುರುಗಳ ಮುಖವಲ್ಲ, ಹಲಗೆಗಳ ಮೇಲಿನ ಕಾಲುಗಳು. ಆಗಲೇ ಸಂದಿನಲ್ಲಿ, ಕೆಳಗೆ, ಒಂದು ನರೆಗೂದಲ ತಲೆ ಅಲುಗಿದಂತಾಯಿತು.

ಮಗುವನ್ನು ಅತ್ತೆಯ ಕೈಗಿತ್ತು, ಹಿತ್ತಿಲ ಬಾಗಿಲಿನಿಂದ ಸುತ್ತಿ ಓಡಿದಳು. ಜಗಲಿಯ ಅಡಿಯಲ್ಲಿ, ನಲವತ್ತು ಜನರ ಭಾರದ ಕೆಳಗೆ, ಹೊಸ ತೊಲೆಗೆ ಅಂಗೈಯಾನಿಸಿ, ಕಣ್ಣುಮುಚ್ಚಿ ಕಮಾಲುದ್ದೀನ್ ನಿಂತಿದ್ದರು. ಮೇಲಿನಿಂದ ತೊಟ್ಟಿಕ್ಕಿದ ನೀರಿಗೆ ಅವರ ಹೆಗಲು ಒದ್ದೆಯಾಗಿತ್ತು.

"ಇಲ್ಲಿ ಎಂತ ಮಾಡ್ತಿದೀರಿ? ಬೀಳ್ತದಾ?"

"ಬೀಳೋ ಹಂಗಿದ್ರೆ ಗುರುಗಳನ್ನ ಹತ್ತಲಿಕ್ಕೆ ಬಿಡ್ತಿದ್ನಾ? ಹೊಸ ತೊಲೆ ಮೊದಲ್ನೇ ಸಲ ಜನ ಹೊರೋವಾಗ ನಾನು ಅಡೀಲಿರ್ತೀನಿ. ಎಲ್ಲರ ಮನೇಲೂ ಅಷ್ಟೆ. ಮುರಿಯೋಕೆ ಮುಂಚೆ ಮರ ಹೇಳ್ತದೆ. ಕೇಳಲಿಕ್ಕೆ ಒಬ್ಬ ಬೇಕಲ್ಲ."

"ನಿಮ್ಮ ತಲೆ ಮೇಲೇ ಬಿದ್ರೆ?"

"ಅದಕ್ಕೇ ಸರಿಯಾಗಿ ಮಾಡೋದು!" ಎಂದು ಕಣ್ಣು ತೆರೆಯದೆಯೇ ನಕ್ಕರು.

ತೊಲೆ ಒಮ್ಮೆ ಸಣ್ಣಗೆ ನರಳಿತು. ದೀಕ್ಷಾ ಕಮಾಲುದ್ದೀನರ ತೋಳನ್ನು ಹಿಡಿದುಕೊಂಡಳು. ಅವರು ಬೆರಳೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿ, ಉಸಿರು ಬಿಗಿಹಿಡಿದು ಆಲಿಸಿ, ಬಹಳ ಹೊತ್ತಿನ ಮೇಲೆ ಕೈ ತೆಗೆದರು.

"ತೊಲೆ ಕಂಬದ ಮೇಲೆ ಸರಿಯಾಗಿ ಕೂತ್ಕೊಂಡ್ತು. ಹೋಗಿ ಮಗೂನ ಬಿಡಿ, ನಡೀಲಿ."

ನಮಗೆ ಧೈರ್ಯ ಹೇಳುವವರು ಮನೆ ಮನೆಯಲ್ಲೂ ಇರುತ್ತಾರೆ. ಹೇಳಿ, ಉಂಡು, ನಿದ್ರೆ ಮಾಡುತ್ತಾರೆ. ಕಮಾಲುದ್ದೀನರ ಜಾಯಮಾನದವರಿಗೆ ಧೈರ್ಯ ಹೇಳಲು ಬರುವುದಿಲ್ಲ, ಏಕೆಂದರೆ ಅಂಜಿಕೆ ಅವರನ್ನೂ ಬಿಟ್ಟಿರುವುದಿಲ್ಲ. ತಾಯಂದಿರಂತೆಯೇ ಅವರೂ ಕೆಡುಕನ್ನು ಮೊದಲು ಊಹಿಸುವವರು. ಆದರೆ ಆ ಅಂಜಿಕೆಯನ್ನು ಎದುರಿನವರ ಮೇಲೆ ಹೊದಿಸದೆ, ಅದಕ್ಕೊಂದು ಕೆಲಸ ಕಲಿಸಿ, ತಾವು ಮಾಡಿದ್ದರ ಅಡಿಯಲ್ಲಿ ತಮ್ಮದೇ ತಲೆಯನ್ನು ಒಡ್ಡಿ ನಿಲ್ಲುತ್ತಾರೆ. ಮೇಲೆ ನಡೆಯುವವರಿಗೆ ಅದು ತಿಳಿಯಬೇಕೆಂದೂ ಅವರು ಬಯಸುವುದಿಲ್ಲ.